ನಿಮ್ಮ ತಪ್ಪಿಲ್ಲ ಎಂದವನು

ಶ್ರಾವಣ ಬಂತೆಂದರೆ ನಮ್ಮೂರು ಹುಲಿಹೈದರದ ಗುಡಿಯಲ್ಲಿ ಪುರಾಣ ಹಚ್ಚುತ್ತೇವೆ. ಹಾಡಿಕೊಂಡು ಓದುವವರು ಬೇರೆಯವರು, ಅರ್ಥ ಬಿಡಿಸಿ ಹೇಳುವವನು ನಾನು. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಊರವರು ಹೊರಿಸಿದ ಕೆಲಸ ಇದು, ಪ್ರೀತಿಯಿಂದ ಹೊತ್ತಿದ್ದೇನೆ. ಹೋದ ವರ್ಷ ಒಂದು ಸಂಜೆ ಅರ್ಥ ಹೇಳುತ್ತ ಕೂತವನಿಗೆ ನಾಲಿಗೆ ಮುಂದೆ ಸಾಗಲಿಲ್ಲ. ದೇವರು ಭಕ್ತನ ದುಃಖವನ್ನು ಹೇಳದೆಯೇ ಬಲ್ಲ, ಆದ್ದರಿಂದ ಅವನೇ ನಮ್ಮವನು ಎಂದು ಹೇಳಬೇಕಾದ ಜಾಗ ಅದು. ಎದುರಿಗೆ ಹೆಂಗಸರ ಸಾಲಿನಲ್ಲಿ ಕಂಬಕ್ಕೆ ಒರಗಿ ನನ್ನ ಅಕ್ಕ ಕೂತಿದ್ದಳು. ಐದು ತಿಂಗಳ ಹಿಂದೆ ಅವಳಿಗೆ ಫೋನು ಮಾಡಿದವನೊಬ್ಬ ಕೂಡ ಅವಳ ದುಃಖವನ್ನು ಹೇಳದೆಯೇ ಬಲ್ಲವನಾಗಿದ್ದ. ಅವನನ್ನೂ ನಮ್ಮವನೆಂದೇ ನಂಬಿದ್ದೆವು. ನಂಬು ಎಂದು ಅವಳಿಗೆ ಹೇಳಿದವನು ನಾನೇ.

ಅಕ್ಕ ರೊಟ್ಟಿ ಬಡಿದು ಮಕ್ಕಳನ್ನು ಸಾಕಿದವಳು. ಗಂಡ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಎರಡೆಕರೆ ಮಳೆ ನಂಬಿದ ಹೊಲ, ನಾಲ್ಕು ಕುರಿ, ಉಳಿದದ್ದೆಲ್ಲ ರೊಟ್ಟಿ. ಜೋಳದ್ದು, ಸಜ್ಜೆಯದು, ಖಡಕ್ ಮಾಡಿ ಒಟ್ಟಿದರೆ ಕನಕಗಿರಿ, ಗಂಗಾವತಿಯ ಖಾನಾವಳಿಗಳವರೆಗೂ ಹೋಗುತ್ತವೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಊರುಗಳಿಂದ ದಾಸೋಹದ ರೊಟ್ಟಿ ಹೇರಿಕೊಂಡು ಗಾಡಿಗಳು ಹೋಗುತ್ತವಲ್ಲ, ಅದರಲ್ಲಿ ಅವಳದೂ ಒಂದು ಗಂಟು ತಪ್ಪದೆ ಇರುತ್ತದೆ. ಆ ಸಲ ಜಾತ್ರೆ ಮುಗಿದ ವಾರದಲ್ಲೇ ಎರಡು ಟಗರು ಮಾರಿ ರೊಕ್ಕ ಬ್ಯಾಂಕಿಗೆ ಹಾಕಿದ್ದಳು. ವಾಟ್ಸಾಪಿನಲ್ಲಿ ಗುರುತಿನವರೊಬ್ಬರ ನಂಬರಿನಿಂದಲೇ ಪಿಎಂ ಕಿಸಾನ್ ಹೆಸರಿನ ಒಂದು ಫೈಲು ಬಂತು. ಕೊನೆಯಲ್ಲಿ ಎಪಿಕೆ ಎಂದಿತ್ತು. ಹಾಗೆಂದರೆ ಅದು ಕಾಗದವಲ್ಲ, ಫೋನಿನೊಳಗೆ ಹೊಕ್ಕು ಕೂರುವ ಆ್ಯಪು, ಬ್ಯಾಂಕಿನಿಂದ ಬರುವ ಓಟಿಪಿಯನ್ನು ಕಳ್ಳನಿಗೆ ರವಾನಿಸುವಂಥದ್ದು ಎಂದು ಅವಳಿಗೆ ಹೇಳಿದವರಾದರೂ ಯಾರು? ಒತ್ತಿದಳು. ರಾತ್ರಿ ಹನ್ನೊಂದು ಹೊಡೆದ ಮೇಲೆ ಕಾಲು ತಾಸಿನೊಳಗೆ ಮೂರು ಸಲ ರೊಕ್ಕ ಹೋಯಿತು. 19,999, ಆಮೇಲೆ 15,000, ಆಮೇಲೆ 6,500.

ನಾಲ್ಕು ದಿನ ಅವಳು ಯಾರಿಗೂ ಹೇಳಲಿಲ್ಲ. ಐದನೆಯ ದಿನ ನನ್ನ ಮನೆಯ ಬಾಗಿಲಿಗೆ ಬಂದು, ಗಿರಣಿಗೆ ಹೋಗಬೇಕು, ಇನ್ನೂರು ರೂಪಾಯಿ ಇದ್ದರೆ ಕೊಡು ತಮ್ಮಾ ಎಂದಳು. ಜೋಳದ ಚೀಲ ಕಂಕುಳಲ್ಲೇ ಇತ್ತು. ಹುಟ್ಟಿದಾಗಿನಿಂದ ನನ್ನ ಹತ್ತಿರ ಒಂದು ರೂಪಾಯಿ ಕೇಳಿದವಳಲ್ಲ. ನೋಟು ಕೊಟ್ಟೆ, ಅದನ್ನು ಹಿಡಿದ ಕೈ ನಡುಗುತ್ತಿತ್ತು. ಒಳಗೆ ಕರೆದು ಕೂರಿಸಿ ಕೇಳಿದಾಗ ಎಲ್ಲ ಹೊರಬಂತು.

ಆಗ ನನ್ನ ಬಾಯಿಂದ ಬಂದ ಮೊದಲ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. "ಒತ್ತೂದಕ್ಕಿಂತ ಮೊದ್ಲ ನನ್ನ ಒಂದು ಮಾತು ಕೇಳಬಾರದಿತ್ತೇನು?" ಊರವರ ಮಾತುಗಳೂ ಹಿಂದೆಯೇ ಬಂದವು. ಓದು ಬರದವಳಿಗೆ ದೊಡ್ಡ ಫೋನು ಯಾಕೆ ಬೇಕಿತ್ತು ಎಂದರು ಕೆಲವರು. ಆಸೆ ಮಾಡಿದಳು, ಹೋಯಿತು ಎಂದರು ಇನ್ನು ಕೆಲವರು. ಮೆತ್ತಗೆ ಮಾತಾಡುವ ಹಿರಿಯರೊಬ್ಬರು ಹೆಗಲ ಮೇಲೆ ಕೈಯಿಟ್ಟು, "ಹಿಂದಿನ ಜನ್ಮದ ಸಾಲ ಇತ್ತವ್ವಾ, ತೀರಿತು, ಬಿಟ್ಟುಬಿಡು" ಎಂದರು. ಆ ಮಾತಿಗೆ ನಾನೂ ತಲೆಯಾಡಿಸಿದೆ.

ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಕೊಪ್ಪಳದ ಸೆನ್ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆವು. ಆ ದಿನ ತಿಳಿಯಿತು, ರೊಕ್ಕ ಹೋದ ಗಳಿಗೆಯಲ್ಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕಿತ್ತು ಎಂದು. ಕದ್ದ ಹಣ ಒಂದೇ ಖಾತೆಯಲ್ಲಿ ಕೂರುವುದಿಲ್ಲ. ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರಿ ಕೊನೆಗೆ ಯಾವುದೋ ಊರಿನ ಎಟಿಎಮ್ಮಿನಿಂದ ನೋಟಾಗಿ ಹೊರಬೀಳುತ್ತದೆ. ಬೇಗ ತಿಳಿಸಿದರೆ ನಡುವೆ ಎಲ್ಲಾದರೂ ಬ್ಯಾಂಕಿನವರು ತಡೆಹಿಡಿಯಬಹುದು. ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲಿ ಮಾಡಿದ ನಿಯಮವೊಂದಿದೆ. ಬ್ಯಾಂಕಿನ ಕಡೆಯೂ ಗ್ರಾಹಕನ ಕಡೆಯೂ ತಪ್ಪಿಲ್ಲದೆ ಮೂರನೆಯವರ ಮೋಸದಿಂದ ಹಣ ಹೋದರೆ, ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದ ಗ್ರಾಹಕನ ಮೇಲೆ ನಷ್ಟದ ಹೊಣೆ ಬೀಳುವುದಿಲ್ಲ. ಅಕ್ಕನದು ಆ ನಿಯಮದೊಳಗೆ ಬರುತ್ತಿತ್ತೋ ಇಲ್ಲವೋ ವಾದದ ಮಾತು. ವಾದ ಮಾಡಬಹುದಾಗಿದ್ದ ದಿನಗಳನ್ನೇ ನಾಚಿಕೆ ನುಂಗಿಬಿಟ್ಟಿತ್ತು.

ಠಾಣೆಯಿಂದ ಹೊರಬಂದ ಮೇಲೆ ಗವಿಮಠದಲ್ಲಿ ಪ್ರಸಾದ ಮಾಡಿ ಹೋಗೋಣ ಎಂದಳು ಅಕ್ಕ. ಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಶಾಲೆಯ ಮಕ್ಕಳನ್ನು ಕರಕೊಂಡು ಹೋಗಿ ಎಷ್ಟು ಸಲ ತೋರಿಸಿದ್ದೇನೋ. ತಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಆದರೆ ಮೊದಮೊದಲು ತಕ್ಕಷ್ಟು ಶ್ರಮ ಪಡಲಿಲ್ಲ ಎಂದು ಆ ದೊರೆ ಅದರಲ್ಲಿ ಒಪ್ಪಿಕೊಳ್ಳುತ್ತಾನೆ. ಧರ್ಮದ ದಾರಿಯಲ್ಲಿ ದೊಡ್ಡವರಷ್ಟೇ ಸಣ್ಣವರೂ ಪ್ರಯತ್ನದಿಂದ ಮೇಲೇರಬಲ್ಲರು ಎಂದೂ ಹೇಳುತ್ತಾನೆ. ಮಕ್ಕಳಿಗೆ ಎರಡನೆಯದನ್ನು ಒತ್ತಿ ಹೇಳುತ್ತಿದ್ದೆ. ಮೊದಲನೆಯದು ಅಂದು ಮಾತ್ರ ನೆನಪಾಯಿತು. ಚಕ್ರವರ್ತಿಯೊಬ್ಬ ತನ್ನ ಕೊರತೆಯನ್ನು ನಾಡಿಗೆಲ್ಲ ಕಾಣುವಂತೆ ಕಲ್ಲಿನ ಮೇಲೆ ಕೆತ್ತಿಸಿದ. ರೊಟ್ಟಿ ಮಾರುವ ನನ್ನ ಅಕ್ಕ, ತಾನು ಮಾಡದ ತಪ್ಪನ್ನು ತಮ್ಮನಿಂದಲೂ ನಾಲ್ಕು ದಿನ ಬಚ್ಚಿಡಬೇಕಾಯಿತು. ಅವಳಿಗೆ ಹಾಗೆ ಅನಿಸುವಂತೆ ಮಾಡಿದ್ದು ನಾವು, ಸುತ್ತಲಿನವರು.

ಫೋನು ಬಂದದ್ದು ಒಂದು ತಿಂಗಳ ಮೇಲೆ. ಮಧ್ಯಾಹ್ನದ ಹೊತ್ತು, ನಾನು ಅವಳ ಪಡಸಾಲೆಯಲ್ಲೇ ಇದ್ದೆ, ಅವಳು ಒಲೆಯ ಮುಂದೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ ಎತ್ತಿದಳು. ಆ ಕಡೆಯವನದು ಸ್ವಚ್ಛವಾದ ಕನ್ನಡ, ಕಚೇರಿಯ ಕನ್ನಡ. ಅವಳ ಹೆಸರು, ಬ್ಯಾಂಕು, ರೊಕ್ಕ ಹೋದ ತಾರೀಖು, ಮೂರು ಮೊತ್ತಗಳು, ಎಲ್ಲ ಬಿಡಿಬಿಡಿಯಾಗಿ ಹೇಳಿದ. ಸೈಬರ್ ಕಂಪ್ಲೇಂಟ್ ಕೊಟ್ಟಿದ್ದೀರಲ್ಲ ಎಂದ. ರೀಫಂಡ್ ವಿಭಾಗದಿಂದ ಮಾತಾಡುತ್ತಿದ್ದೇನೆ, ನಿಮ್ಮ ಹಣ ಸಿಕ್ಕಿದೆ ಎಂದ. ನಡುವೆ ಇನ್ನೊಂದು ಮಾತು ಹೇಳಿದ: "ಅಮ್ಮಾ, ಇದರಲ್ಲಿ ನಿಮ್ಮದೇನೂ ತಪ್ಪಿಲ್ಲ. ನೀವು ಅಳಬೇಡಿ."

ಅಕ್ಕ ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತು ಅತ್ತಳು. ರೊಕ್ಕ ಹೋದ ಮೇಲೆ ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ತವೆಯ ಮೇಲಿನ ರೊಟ್ಟಿ ಸೀದುಹೋಯಿತು.

ವಾಟ್ಸಾಪಿಗೆ ಒಂದು ಪತ್ರ ಬಂತು, ಮೇಲೆ ಸಿಂಹದ ಮುದ್ರೆ, ರಿಸರ್ವ್ ಬ್ಯಾಂಕಿನ ಹೆಸರು, ಕೆಳಗೆ ಸಹಿ. ಪ್ರೊಸೆಸಿಂಗ್ ಫೀ 2,499 ಕಟ್ಟಿದರೆ ಎರಡು ತಾಸಿನಲ್ಲಿ ಪೂರ್ತಿ ಹಣ ಖಾತೆಗೆ. ಅಕ್ಕ ನನ್ನ ಮುಖ ನೋಡಿದಳು. ನಾನು ಪತ್ರವನ್ನು ಎರಡು ಸಲ ಓದಿ, ಕಟ್ಟಿಬಿಡು ಎಂದೆ. ಮೂವತ್ತೊಂದು ವರ್ಷ ಮಕ್ಕಳ ಬರಹದಲ್ಲಿ ತಪ್ಪು ಹುಡುಕಿದ ಕಣ್ಣಿಗೆ ಆ ಪತ್ರದಲ್ಲಿ ಏನೂ ಕಾಣಲಿಲ್ಲ. ಕಟ್ಟಿದಳು. ಒಂದು ತಾಸಿನೊಳಗೆ ಮತ್ತೆ ಫೋನು: ನಲವತ್ತೊಂದೂವರೆ ಸಾವಿರಕ್ಕೆ ಶೇಕಡ 18ರಂತೆ ಜಿಎಸ್‌ಟಿ 7,470 ಆಗುತ್ತದೆ, ಇವತ್ತೇ ಕಟ್ಟಬೇಕು, ಇಲ್ಲವಾದರೆ ಫೈಲು ಮುಚ್ಚಿಹೋಗುತ್ತದೆ.

ಆಗ ಅಕ್ಕ ಕೇಳಿದಳು. "ತಮ್ಮಾ, ನನ್ನ ರೊಕ್ಕ ಅವರ ಕಡೆ ಐತಿ ಅಂದಮ್ಯಾಲ, ಅದರಾಗ ಮುರಕೊಂಡು ಉಳಿದಿದ್ದು ಕೊಡಾಕ ಏನಾಗೈತಿ? ಅಡತಿ ಅಂಗಡ್ಯಾಗ ಹಮಾಲಿ ಮುರಕೊಂಡ ಪಟ್ಟಿ ಕೊಡ್ತಾರಲ್ಲ. ಮೊದ್ಲ ಹಮಾಲಿ ತಂದು ಇಡು, ಆಮ್ಯಾಲ ಶೇಂಗಾದ ರೊಕ್ಕ ಅಂತ ಯಾರರ ಅಂದಾರೇನು?"

ಫೋನು ತೆಗೆದುಕೊಂಡು ಅದನ್ನೇ ಅವನಿಗೆ ಕೇಳಿದೆ. ಒಂದು ಗಳಿಗೆ ಸುಮ್ಮನಾದ. ಆಮೇಲೆ ದನಿ ಬದಲಾಯಿತು. ಹಣ ಬೇಡವಾದರೆ ಹೇಳಿ, ನಿಮ್ಮ ಮೇಲೆಯೇ ಕೇಸು ಹಾಕಬೇಕಾಗುತ್ತದೆ ಎಂದು ಗದರಿಸಿ ಇಟ್ಟುಬಿಟ್ಟ. ಮತ್ತೆ ಮಾಡಿದರೆ ಆ ನಂಬರು ಹತ್ತಲಿಲ್ಲ.

ಅಕ್ಕ ಕೇಳಿದ ಪ್ರಶ್ನೆ ಎಷ್ಟು ಗಟ್ಟಿಯಾದದ್ದೆಂದು ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದಲ್ಲಿ 1995ರಲ್ಲೇ ಅದು ಕಾನೂನಾಗಿದೆ. ಕಳೆದ ಹಣ ಕೊಡಿಸುತ್ತೇವೆಂದು ಫೋನಿನಲ್ಲಿ ಒಪ್ಪಿಸುವವರು, ಆ ಹಣ ಕಳಕೊಂಡವರ ಕೈಸೇರಿ ಏಳು ಕೆಲಸದ ದಿನ ಕಳೆಯುವವರೆಗೆ ಶುಲ್ಕವನ್ನೇ ಕೇಳುವಂತಿಲ್ಲ. ಎಂದರೆ ಒಮ್ಮೆ ಸುಲಿಗೆಗೊಳಗಾದವರನ್ನು ಹುಡುಕಿಕೊಂಡು ಬಂದು ಎರಡನೆಯ ಸಲ ಸುಲಿಯುವ ಈ ಕಸುಬು ನಮ್ಮ ಫೋನುಗಳಿಗಿಂತ ಹಳೆಯದು. ಕಳಕೊಂಡವರ ಹೆಸರು, ಮೊತ್ತಗಳ ಪಟ್ಟಿ ಕಳ್ಳರಿಂದ ಕಳ್ಳರಿಗೆ ಮಾರಾಟವಾಗುತ್ತದೆ, ಎಷ್ಟೋ ಸಲ ಮೊದಲು ಕದ್ದವರೇ ಮತ್ತೆ ಫೋನು ಮಾಡುತ್ತಾರೆ. ಅವನು ಅಷ್ಟೆಲ್ಲ ಬಲ್ಲವನಾಗಿದ್ದು ಹೀಗೆ. ಕಂಪ್ಲೇಂಟಿನ ಮಾತಂತೂ ಬರೀ ಊಹೆ. ಕಳಕೊಂಡವರಲ್ಲಿ ದೂರು ಕೊಟ್ಟವರೂ ಇದ್ದೇ ಇರುತ್ತಾರೆ. ನಮಗೆ ಅದು ಸಾಕ್ಷಿಯಾಗಿ ಕಂಡಿತು.

ಪುರಾಣದ ಅರ್ಥ ಹೇಳುವಾಗ ನನ್ನ ಗಂಟಲು ಕಟ್ಟಿದ್ದು ಇಲ್ಲಿಯೇ. ನಮ್ಮ ಭಕ್ತಿಯ ಮಾತುಗಳಲ್ಲಿ ಬಲ್ಲವನು ಎಂಬುದೂ ಕರುಣಿ ಎಂಬುದೂ ಜೊತೆಜೊತೆಗೇ ಬರುತ್ತವೆ. ಅಂತರ್ಯಾಮಿ ಎನ್ನುತ್ತೇವೆ, ದಯಾಮಯ ಎನ್ನುತ್ತೇವೆ, ಎರಡೂ ಒಂದೇ ಉಸಿರಿನಲ್ಲಿ. ದೇವರ ವಿಷಯದಲ್ಲಿ ಅದು ನಿಜವೆಂದು ನಂಬಿದವನು ನಾನು. ಮನುಷ್ಯರ ವಿಷಯದಲ್ಲಿ ಇವೆರಡನ್ನೂ ಬಿಡಿಸಿ ನೋಡುವ ಅಭ್ಯಾಸವೇ ನನಗೆ ಇರಲಿಲ್ಲ. ನನ್ನ ನೋವಿನ ಲೆಕ್ಕ ತಪ್ಪದೆ ಹೇಳಿದವನು ನನ್ನ ಹಿತ ಬಯಸುವವನೇ ಇರಬೇಕು ಎಂದುಕೊಂಡುಬಿಟ್ಟೆ. ಬೇಟೆಗಾರನೂ ಮೃಗದ ಹೆಜ್ಜೆಯನ್ನು ಬಲ್ಲ. ಗಾಯಗೊಂಡ ಮೃಗದ ಹೆಜ್ಜೆಯನ್ನಂತೂ ಇನ್ನೂ ಚೆನ್ನಾಗಿ.

ಹಾಗಾದರೆ ಕರುಣೆಯನ್ನು ಗುರುತಿಸುವುದು ಯಾವುದರಿಂದ? ಇದಕ್ಕೆ ಉತ್ತರ ಅಕ್ಕನ ರೊಟ್ಟಿಯ ಗಂಟಿನಲ್ಲಿದೆ ಎಂದು ನನಗೆ ತೋರುತ್ತದೆ. ಗವಿಮಠದ ಪಂಕ್ತಿಯಲ್ಲಿ ಕೂತವರಿಗೆ ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ಅವರ ವಿಷಯ ಏನೂ ಗೊತ್ತಿಲ್ಲದೆಯೇ ಬಡಿಸುತ್ತಾರೆ. ಅಕ್ಕನ ರೊಟ್ಟಿ ಯಾರ ಹೊಟ್ಟೆಗೆ ಹೋಯಿತೆಂದು ಅವಳಿಗೆ ತಿಳಿಯದು, ಉಂಡವರಿಗೂ ಅವಳ ಗುರುತಿಲ್ಲ. ಫೋನಿನವನು ಎಲ್ಲವನ್ನೂ ಬಲ್ಲವನಾಗಿದ್ದ, ಮತ್ತು ಮುಂಗಡ ಕೇಳಿದ. ಇಷ್ಟು ಕಣ್ಣೆದುರಿಗೆ ಇದ್ದದ್ದು ನನಗೆ ಹೊಳೆಯಲಿಲ್ಲ. ಅಡತಿ ಅಂಗಡಿಯ ಪಟ್ಟಿ ಹಿಡಿದು ಅವಳು ಕಂಡುಕೊಂಡಳು.

ಆ ಹಿರಿಯರ ಸಾಲದ ಮಾತಿಗೆ ಈಗ ಬರುತ್ತೇನೆ. ಋಣ, ಕರ್ಮ ಎಂಬ ಮಾತುಗಳನ್ನು ನಾನು ಹಗುರಾಗಿ ಕಾಣುವವನಲ್ಲ. ಮಗನನ್ನು ಕಳಕೊಂಡ ತಾಯಿಗೆ ಋಣ ತೀರಿತು ಎಂಬ ಮಾತು ಒಂದು ಊರುಗೋಲಾದದ್ದನ್ನು ಕಂಡಿದ್ದೇನೆ. ಕಳ್ಳನ ಕೆಲಸಕ್ಕೆ ಆ ಮಾತು ಸಲ್ಲದು. ಹಿಂದಿನ ಜನ್ಮದ ಸಾಲ ಎಂದ ಕೂಡಲೇ ಕಳ್ಳ ಸಾಲ ಕೊಟ್ಟವನ ಪಟ್ಟಕ್ಕೆ ಏರುತ್ತಾನೆ, ತನ್ನದನ್ನು ತಾನು ವಸೂಲು ಮಾಡಿಕೊಂಡವನಾಗುತ್ತಾನೆ. ಕಳಕೊಂಡವಳು ಅಪರಾಧಿಯಾಗುತ್ತಾಳೆ. 1930ಕ್ಕೆ ಒತ್ತಬೇಕಾದ ಬೆರಳು ಅಲ್ಲಿಗೇ ನಿಲ್ಲುತ್ತದೆ. ಮೋಸದ ಎದುರಿಗೆ ಈ ಸಮಾಧಾನ ಹೇಳುವುದು ಧರ್ಮವಲ್ಲ ಎಂದೇ ನನ್ನ ಗಟ್ಟಿಯಾದ ನಂಬಿಕೆ. ತಲೆಯಾಡಿಸಿದವನಾದ್ದರಿಂದ ಇದನ್ನು ಹೇಳುವ ಜವಾಬ್ದಾರಿಯೂ ನನ್ನದು.

ಆಸೆ ಮಾಡಿದಳು ಎಂಬ ಮಾತೂ ಹಾಗೆಯೇ. ಕಳೆದದ್ದು ಮರಳಿ ಬರಲಿ ಎಂದು ಹಂಬಲಿಸುವುದು ಆಸೆಯೇ? ಇಲ್ಲಿಗೆ ದೂರವಲ್ಲದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಕಡೆಯವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ಗಂಡ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇದು ನಮ್ಮದಲ್ಲ, ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಲಕ್ಕಮ್ಮ. ಈ ಕಥೆಯನ್ನು ಹೆಚ್ಚಿನದಕ್ಕೆ ಕೈಚಾಚಬಾರದು ಎಂಬುದಕ್ಕಾಗಿಯೇ ಹೇಳುತ್ತ ಬಂದಿದ್ದೇವೆ. ಆ ದಿನ ಲಕ್ಕಮ್ಮ ಗೆರೆ ಎಳೆದಳು. ಗೆರೆಗೆ ಎರಡು ಬದಿ ಇರುತ್ತವೆ. ಆಚೆಯದು ನಮ್ಮದಲ್ಲ ಎಂದಮೇಲೆ ಈಚೆಯದು ನಮ್ಮದೇ. ಬೆಳಗಿನ ನಾಲ್ಕಕ್ಕೆ ಎದ್ದು ಹೊಗೆ ಕುಡಿದು ಬಡಿದ ರೊಟ್ಟಿಯ ರೊಕ್ಕ, ಸಾಕಿ ಮಾರಿದ ಟಗರಿನ ರೊಕ್ಕ ಗೆರೆಯ ಈಚೆಯದು. ಅದನ್ನು ಮರಳಿ ಕೇಳುವುದು ಕಾಯಕದ ಮರ್ಯಾದೆ ಉಳಿಸಿಕೊಳ್ಳುವ ಮಾತು. ಆ ಹಂಬಲವನ್ನು ನಾವು ಆಸೆಯೆಂದು ಹಳಿದು ಮೂಲೆಗೆ ತಳ್ಳಿದೆವು. ಮೂಲೆಯಲ್ಲಿ ಒಂಟಿಯಾಗಿ ಕೂತಿದ್ದ ಅದನ್ನು ಕೈಹಿಡಿದು ಮಾತಾಡಿಸಿದವನು ಕಳ್ಳ.

ಇದೇ ನನ್ನನ್ನು ನಿದ್ದೆಗೆಡಿಸಿದ್ದು. 'ನಿಮ್ಮ ತಪ್ಪಿಲ್ಲ' ಎಂಬ ಎರಡು ಪದ. ಅವಳಿಗೆ ಅದನ್ನು ಹೇಳಬೇಕಾದವರು ಒಡಹುಟ್ಟಿದ ನಾನು, ನೆರೆಯವರು, ಅವಳ ರೊಟ್ಟಿ ತಿಂದ ಊರು. ಒಬ್ಬರೂ ಹೇಳಲಿಲ್ಲ. ಬಿಟ್ಟಿ ಸಿಗಬೇಕಾದ ಆ ಮಾತನ್ನು ಅವಳು 2,499 ರೂಪಾಯಿ ಕೊಟ್ಟು ಕಳ್ಳನಿಂದ ಕೊಳ್ಳಬೇಕಾಯಿತು.

ಇನ್ನು ಇಂಥ ಕಳ್ಳರ ಗುರುತಿನ ಮಾತು, ಊರಲ್ಲಿ ಕೇಳಿದವರಿಗೆಲ್ಲ ಹೇಳುತ್ತಿರುವುದನ್ನೇ ಇಲ್ಲೂ ಹೇಳುತ್ತೇನೆ. ರಿಸರ್ವ್ ಬ್ಯಾಂಕು ನಮ್ಮನಿಮ್ಮಂಥವರ ಖಾತೆ ಇಟ್ಟುಕೊಳ್ಳುವುದೇ ಇಲ್ಲ, ಫೋನು ಮಾಡಿ ಶುಲ್ಕ ಕೇಳುವುದೂ ಇಲ್ಲ. ರೊಕ್ಕ ಬರುವುದಕ್ಕೆ ಪಿನ್ ಬೇಡ. ಪಿನ್ ಒತ್ತುವುದೆಂದರೆ ಗಲ್ಲಾಪೆಟ್ಟಿಗೆ ತೆಗೆದು ಎದುರಿನವನಿಗೆ ಕೊಟ್ಟಂತೆ, ಅವನು ಅದನ್ನು ರೀಫಂಡ್ ಎಂದು ಕರೆದರೂ ಅಷ್ಟೇ. ನಿಮ್ಮ ಫೋನಿನ ಪರದೆ ನನಗೆ ಕಾಣುವಂತೆ ಮಾಡಿ, ಎನಿಡೆಸ್ಕ್ ಹಾಕಿಕೊಳ್ಳಿ ಎನ್ನುವವನು, ಹ್ಯಾಕರ್ ಹಿಡಿದು ಹಣ ತರಿಸುತ್ತೇನೆ ಎನ್ನುವವನು, ಠಾಣೆಯಲ್ಲಿ ನನ್ನ ಮಾತು ನಡೆಯುತ್ತದೆ ಎನ್ನುವವನು, ಎಲ್ಲ ಒಂದೇ ಬಳಗ. ನಿಜವಾಗಿ ತಡೆಹಿಡಿದ ಹಣ ಬ್ಯಾಂಕಿನಲ್ಲೇ ಇರುತ್ತದೆ. ಅದನ್ನು ಬಿಡಿಸಿಕೊಳ್ಳುವುದಕ್ಕೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಾದ ಸಿಆರ್‌ಪಿಸಿಯಲ್ಲಿ 457ನೇ ಕಲಂ ಇತ್ತು, 2024ರ ಜುಲೈಯಿಂದ ಅದರ ಜಾಗಕ್ಕೆ ಬಿಎನ್‌ಎಸ್‌ಎಸ್‌ನ 503ನೇ ಕಲಂ ಬಂದಿದೆ. ಅದರಡಿ ಮ್ಯಾಜಿಸ್ಟ್ರೇಟರು ಆದೇಶ ಮಾಡಿದರೆ ಹಣ ಬಿಡುಗಡೆಯಾಗುತ್ತದೆ. ನಿಧಾನದ ದಾರಿ. ಈ ದಾರಿಯಲ್ಲಿ ಇವತ್ತೇ, ಈಗಲೇ ಎಂದು ಯಾರೂ ಅವಸರ ಮಾಡುವುದಿಲ್ಲ.

ಅಕ್ಕನ ಮೂರನೆಯ ಮೊತ್ತ, ಆ 6,500, ಯಾವುದೋ ಖಾತೆಯಲ್ಲಿ ಸಿಕ್ಕಿಬಿದ್ದಿತ್ತು. ದೀಪಾವಳಿಯ ಹೊತ್ತಿಗೆ ಬಂತು. ಫೋನು ಒಮ್ಮೆ ಟಿಣ್ ಎಂದಿತು, ಒಂದು ಮೆಸೇಜು, ಅಷ್ಟೇ. ಯಾರೂ ಅವಳನ್ನು ಅಮ್ಮಾ ಎನ್ನಲಿಲ್ಲ. ಉಳಿದದ್ದು ಬಂದಿಲ್ಲ.

ಆ ಶ್ರಾವಣದ ಸಂಜೆ ನಾಲಿಗೆ ಕಟ್ಟಿದವನು ಹೇಗೋ ಮಂಗಳಾರತಿಯವರೆಗೆ ಸಾಗಿಸಿದೆ. ರಾತ್ರಿ ಅಕ್ಕನ ಮನೆಗೆ ಹೋಗಿ, ನಾಳೆ ಗುಡಿಯಲ್ಲಿ ಇದನ್ನೆಲ್ಲ ಹೇಳಲೇ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹೇಳು. ನೀ ಕಟ್ಟು ಅಂದಿದ್ದೂ ಹೇಳು" ಎಂದಳು. ಹೇಳಿದೆ. ಮಾರನೆಯ ದಿನ ಒಬ್ಬರು, ಅದರ ಮಾರನೆಯ ದಿನ ಇನ್ನಿಬ್ಬರು, ಕತ್ತಲಾದ ಮೇಲೆ ಮನೆಗೆ ಬಂದು ತಮ್ಮದನ್ನು ಹೇಳಿಕೊಂಡರು. ಅವರಲ್ಲೊಬ್ಬರು ತಮ್ಮ ಹೆಂಡತಿಗೂ ಹೇಳಿರಲಿಲ್ಲ.

ಶ್ರಾವಣ ಮುಗಿಯಲು ನಾಲ್ಕು ದಿನವಿರುವಾಗ ಟ್ರ್ಯಾಕ್ಟರು ಓಡಿಸುವ ಹುಡುಗನೊಬ್ಬ ಪುರಾಣದ ನಡುವೆಯೇ ಒಳಗೆ ಬಂದ. ಚಪ್ಪಲಿ ಬಿಡುವುದನ್ನೂ ಮರೆತಿದ್ದ. ನನ್ನ ಕಡೆ ನೋಡಿದ, ಓದುವವರ ಕಡೆ ನೋಡಿದ, ಕೊನೆಗೆ ಕಂಬದ ಹತ್ತಿರ ಹೋಗಿ ಅಕ್ಕನ ಮುಂದೆ ಕೂತ. ಓದು ನಿಂತಿತು.

"ಎಷ್ಟೊತ್ತಾತು?" ಎಂದಳು ಅಕ್ಕ.

"ಅರ್ಧ ತಾಸು ಆಗಿರಬೇಕು ದೊಡ್ಡವ್ವಾ."

"ನಿಂದೇನೂ ತಪ್ಪಿಲ್ಲಪಾ. ಫೋನು ತಾ ಇಲ್ಲಿ."

ಅವಳಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತವೆ. ಬೆಳಕಿಗೆ ಹಿಡಿದು ಒಂದೊಂದಾಗಿ ಒತ್ತಿದಳು, ಒಂದು, ಒಂಬತ್ತು, ಮೂರು, ಸೊನ್ನಿ. ರಿಂಗಾಗುವುದು ಗುಡಿಯ ಒಳಗೆಲ್ಲ ಕೇಳುತ್ತಿತ್ತು.